ಕಟಕೋಳಕ್ಕೆ ಮುಟ್ಟದ ಉತ್ತರ

ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು. ನೋಡಿಕೊಳ್ಳುವುದೆಂದರೆ ಪ್ರಿಂಟರಿನ ಹೊಟ್ಟೆಯಿಂದ ಹರಿದ ಕಾಗದ ಎಳೆಯುವುದು, ಪ್ರಾಂಶುಪಾಲರ ಪಾಸ್‌ವರ್ಡನ್ನು ಪ್ರಾಂಶುಪಾಲರಿಗೇ ನೆನಪಿಸುವುದು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಹೆಚ್ಚುಗಾರಿಕೆಯನ್ನೆಲ್ಲ ನಾನು ಸಂಬಳವಿಲ್ಲದ ಇನ್ನೊಂದು ಕೆಲಸದಲ್ಲಿ ತೋರಿಸುತ್ತಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳ ಹಳೆಯ ಕಾಗದಪತ್ರದ ಗೀಳಿನವರಿಗಾಗಿ ಒಂದು ಮೇಲಿಂಗ್ ಲಿಸ್ಟ್ ನಡೆಸುತ್ತಿದ್ದೆ. ಒಂದು ವಿಳಾಸಕ್ಕೆ ಇಮೇಲ್ ಹಾಕಿದರೆ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಗುತ್ತದೆ, ಅಷ್ಟೇ ಅದರ ಗುಟ್ಟು. ಈಗಲೂ ನಡೆಸುತ್ತೇನೆ. ಮೊದಲಿನ ಠೇಂಕಾರ ಇಲ್ಲ.

ನಮ್ಮ ಕಡೆ ಬ್ರಿಟಿಷರ ಮುಂಬೈ ಪ್ರಾಂತ್ಯದ ಮತ್ತು ಸಂಸ್ಥಾನದ ಕಾಲದ ಹೊಲಮನೆಯ ಕಾಗದಗಳು ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಭಾಷೆ ಮರಾಠಿ, ಅಕ್ಷರಗಳು ಮಾತ್ರ ಲೇಖನಿ ಎತ್ತದೆ ಗೀಚಿಕೊಂಡು ಹೋದಂಥವು, ಮರಾಠಿ ಬಲ್ಲವರಿಗೂ ಓದಲು ಬರುವುದಿಲ್ಲ. ಟ್ರಂಕಿನ ತಳದಿಂದ ಅಂಥದೊಂದು ಕಾಗದ ಹೊರಬಿದ್ದರೆ ಮನೆಯವರು ಸ್ಕ್ಯಾನ್ ಮಾಡಿ ಲಿಸ್ಟಿಗೆ ಕಳಿಸುತ್ತಾರೆ, ಓದಬಲ್ಲವರು ಕನ್ನಡದಲ್ಲಿ ಬಿಡಿಸಿ ಬರೆಯುತ್ತಾರೆ. ಮೊಬೈಲಿನ ಗುಂಪುಗಳಲ್ಲಿ ಏಕೆ ಆಗದು ಎಂದು ಕೇಳುವವರು ಇದ್ದಾರೆ. ಅಲ್ಲಿ ಚಿತ್ರ ಹಿಂಡಿದ ಹಿಪ್ಪೆಯಾಗಿ ಬರುತ್ತದೆ, ಮೋಡಿಯಲ್ಲಿ ಒಂದು ಬಾಲ ಮಸುಕಾದರೆ ಅರ್ಥವೇ ಬೇರೆ. ಮೇಲಾಗಿ ಬೆಳಿಗ್ಗೆ ಎದ್ದರೆ ಶುಭೋದಯದ ಗುಲಾಬಿ ಹೂವುಗಳ ಕಾಟ.

ಓದಬಲ್ಲವರು ಎಂದೆ. ನಿಜವಾಗಿ ಅಂಥವರು ಇದ್ದದ್ದು ಒಬ್ಬರೇ, ಸಂಪಗಾಂವದ ಒಬ್ಬ ಅಜ್ಜ. ದಫ್ತರಖಾನೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮೇಲೆ ಹಳೆಯ ಕಾಗದಗಳನ್ನು ಕಾಪಿಡುವ ಒಂದು ಟ್ರಸ್ಟಿಗೆ ಕೆಲಕಾಲ ದುಡಿದಿದ್ದರು. ಟ್ರಸ್ಟಿನವರು ತಮ್ಮದೇ ಡೊಮೇನಿನಲ್ಲಿ, ಅಂದರೆ ಕೊನೆಗೆ ಟ್ರಸ್ಟಿನ ಹೆಸರೇ ಬರುವಂತೆ, ಅವರಿಗೊಂದು ಇಮೇಲ್ ವಿಳಾಸ ಕೊಟ್ಟಿದ್ದರು. ಅದರ ಮೇಲೆ ಅಜ್ಜನಿಗೆ ಬಹಳ ಅಭಿಮಾನ. ಕಿವಿ ಮಂದ, ಫೋನು ಎತ್ತುವುದಿಲ್ಲ. ಆದರೆ ಟೇಬಲ್ಲಿನ ಮೇಲಿನ ಕಂಪ್ಯೂಟರ್ ಮುಂದೆ ದಿನಾ ಬೆಳಿಗ್ಗೆ ಎರಡು ತಾಸು ಕೂರುವುದು ತಪ್ಪುತ್ತಿರಲಿಲ್ಲ. ಒಂದು ಪೈಸೆ ಮುಟ್ಟದೆ ಓದಿಕೊಡುತ್ತಿದ್ದರು. ಹಾಗೆ ಪುಕ್ಕಟೆ ಓದಿಕೊಡುವ ಹಿರಿಯರಿಗೆ ‘ನಮ್ಮದು ಎಲ್ಲಿಗೆ ಬಂತು’ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದು ಎಲ್ಲರೂ ತಿಳಿದಿದ್ದೆವು, ನಾನೂ ತಿಳಿದಿದ್ದೆ.

ಲಿಸ್ಟಿಗೆ ಒಂದು ವಿಶೇಷವಿತ್ತು. ಶುರು ಮಾಡಿದ ಹೊಸತರಲ್ಲಿ ಮುರಗೋಡದ ಸದಸ್ಯರೊಬ್ಬರು ಫೋನ್ ಮಾಡಿ ನನ್ನನ್ನು ಝಾಡಿಸಿದ್ದರು. ‘ಏನ್ರಿ ಇದು, ಪತ್ರದ ಮ್ಯಾಲ ಒಂದ ಶ್ರೀಕಾರ ಬ್ಯಾಡೇನು? ಬೋಳಪತ್ರ ನೋಡಿ ಮನ್ಯಾಗಿನವ್ರು ಗಾಬರಿ ಆದ್ರು.’ ಮೇಲೆ ಶ್ರೀ ಇಲ್ಲದ ಪತ್ರ ನಮ್ಮಲ್ಲಿ ಸಾವಿನ ಸುದ್ದಿಯದು. ಕಾರ್ಡಿನ ಮೂಲೆ ಹರಿದು, ಶ್ರೀಕಾರ ಬಿಟ್ಟು ಬರೆಯುತ್ತಿದ್ದರು. ಇಮೇಲಿಗೂ ಅದೇ ಕಟ್ಟಳೆಯೇ ಎಂದು ನಕ್ಕೆನಾದರೂ, ಲಿಸ್ಟಿನ ಮೂಲಕ ಹೋಗುವ ಪ್ರತಿಯೊಂದು ಪತ್ರದ ನೆತ್ತಿಗೆ ಸರ್ವರೇ ಒಂದು ‘॥ ಶ್ರೀ ॥’ ಸೇರಿಸುವಂತೆ ಮಾಡಿದೆ. ಕೆಳಗೆ, ಉತ್ತರಿಸುವುದು ಹೇಗೆ ಎಂಬ ಎರಡು ಸಾಲು. ಜನ ಹೊಗಳಿದರು, ನಾನು ಉಬ್ಬಿದೆ. ಎಷ್ಟೋ ವರ್ಷ ಅದು ಯಾವ ತಂಟೆಯನ್ನೂ ಮಾಡಲಿಲ್ಲ.

ಹೋದ ಬೇಸಿಗೆಯ ಕೊನೆಗೆ ಕಟಕೋಳದ ಒಬ್ಬ ಹೆಣ್ಣುಮಗಳು ಲಿಸ್ಟಿಗೆ ಕಾಗದವೊಂದನ್ನು ಕಳಿಸಿದಳು. ಊರಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡವಳು, ಆದ್ದರಿಂದ ಸ್ಕ್ಯಾನ್ ಒಳ್ಳೆಯ ಸ್ಪಷ್ಟವಾಗಿತ್ತು. ಅವಳ ಅಜ್ಜ ಮತ್ತು ಅಜ್ಜನ ಅಣ್ಣ ಹೊಲ ಹಂಚಿಕೊಂಡಾಗ ಬರೆದ ವಾಟ್ನಿ ಪತ್ರ ಅದು. ತಂದೆಯಿಂದ ಅವಳ ಪಾಲಿಗೆ ಬಂದ ಹೊಲಕ್ಕೆ ಹೋಗಬೇಕಾದರೆ ಅಜ್ಜನ ಅಣ್ಣನ ಕಡೆಯವರ ಹೊಲದ ಬದುವಿನಗುಂಟ ಹೋಗಬೇಕು. ಈಗ ಆ ಹೊಲದ ಯಜಮಾನ, ನಾತೆಯಲ್ಲಿ ಅವಳಿಗೆ ಅಣ್ಣನೇ ಆಗಬೇಕು, ಬದುವಿಗೆ ಮುಳ್ಳುತಂತಿ ಎಳೆದಿದ್ದ. ಕಬ್ಬು ಬೆಳೆದರೆ ಟ್ರ್ಯಾಕ್ಟರು ಒಳಗೆ ಬರಬೇಕಲ್ಲ. ದಾರಿ ಇಲ್ಲದ ಹೊಲದಲ್ಲಿ ಬೆಳೆದದ್ದನ್ನು ತಲೆಯ ಮೇಲೆ ಹೊತ್ತು ತರಬೇಕಾಗುತ್ತದೆ. ತಹಶೀಲ್ದಾರರ ಮುಂದೆ ವಿಚಾರಣೆಗೆ ಮೂರು ವಾರವಿತ್ತು. ವಾಟ್ನಿಯಲ್ಲಿ ದಾರಿಯ ಮಾತು ಇದೆಯೋ ಇಲ್ಲವೋ, ಅಷ್ಟನ್ನು ಓದಿ ಹೇಳಿದರೆ ಸಾಕು ಎಂದು ಬರೆದಿದ್ದಳು.

ಒಂದು ವಾರವಾದ ಮೇಲೆ ಅವಳ ಫೋನು ಬಂತು.

‘ಅಣ್ಣಾರ, ಅಜ್ಜಾರ ಕಡಿಂದ ಏನರ ಬಂತೇನ್ರಿ?’

‘ಇನ್ನಾ ಇಲ್ರಿ ಅಕ್ಕಾರ. ಬರ್ತೈತಿ, ತಡೀರಿ.’

ಆ ದಿನಗಳಲ್ಲಿ ಲಿಸ್ಟಿನ ಆರೋಗ್ಯ ಅಷ್ಟು ಸರಿಯಿರಲಿಲ್ಲ. ಮುಟ್ಟದೆ ಮರಳಿದ ಪತ್ರಗಳ ಸೂಚನೆಗಳು ನನ್ನ ಒಂದು ಬೇರೆ ಫೋಲ್ಡರಿಗೆ ಬಂದು ಬೀಳುತ್ತವೆ. ಅದನ್ನು ನಾನು ತೆರೆಯುತ್ತಲೇ ಇರಲಿಲ್ಲ. ಯಾರದೋ ಪೆಟ್ಟಿಗೆ ತುಂಬಿರುತ್ತದೆ, ಯಾರೋ ವಿಳಾಸ ಬದಲಿಸಿರುತ್ತಾರೆ ಎಂಬ ಉಡಾಫೆ. ಒಬ್ಬರಿಗೆ ಹೋದ ಪತ್ರ ಮೇಲಿಂದ ಮೇಲೆ ಮರಳಿದರೆ ಲಿಸ್ಟು ಆ ಸದಸ್ಯರನ್ನೇ ಅಮಾನತಿನಲ್ಲಿಡುತ್ತದೆ. ಆ ತಿಂಗಳು ಅಮಾನತಾದವರು ಒಂದು ಡಜನ್ ಮೇಲಿದ್ದರು. ಏಕೆ ಎಂದು ನೋಡುವ ಬದಲು ಒಬ್ಬೊಬ್ಬರ ಹೆಸರಿನ ಮುಂದೆ ಒತ್ತಿ ಮತ್ತೆ ಒಳಗೆ ಸೇರಿಸಿದೆ. ಕಾರಣ ಹುಡುಕಲು ಒಂದು ತಾಸು ಬೇಕು, ಒತ್ತಲು ಒಂದು ಕ್ಷಣ. ಪತ್ರಗಳ ನಕಲನ್ನು ಸರ್ವರಿನಲ್ಲಿ ಇಡುವ ಪದ್ಧತಿಯೂ ಇರಲಿಲ್ಲ. ಜನರ ಹೊಲದ ಕಾಗದ, ಕಂಡವರ ಕೈಗೆ ಸಿಗಬಾರದೆಂದು ನಾವೇ ಬೇಡವೆಂದಿದ್ದೆವು. ಹೀಗಾಗಿ ಅಜ್ಜ ಬರೆದರೋ ಇಲ್ಲವೋ ತಿಳಿಯಲು ನನಗಿದ್ದದ್ದು ನನ್ನ ಸ್ವಂತ ಪೆಟ್ಟಿಗೆ ಒಂದೇ. ಅದರಲ್ಲಿ ಏನೂ ಇರಲಿಲ್ಲ.

ವಿಚಾರಣೆಗೆ ಮೂರು ದಿನವಿದ್ದಾಗ ಅವಳು ಮತ್ತೆ ಫೋನ್ ಮಾಡಿದಳು. ನಾನು ಪರೀಕ್ಷೆಯ ಹಾಲ್ ಟಿಕೆಟ್ ಮುದ್ರಿಸುವ ಗದ್ದಲದಲ್ಲಿದ್ದೆ. ದೊಡ್ಡ ತಿಳಿವಳಿಕಸ್ಥನ ಹಾಗೆ ಹೇಳಿದೆ: ‘ಅಜ್ಜಾರಿಗೆ ವಯಸ್ಸಾತ್ರಿ ಅಕ್ಕಾರ. ಕಣ್ಣೂ ಮೊದಲಿನಂಗ ಇಲ್ಲ. ಅವರ ಕೈಲೆ ಇನ್ನ ಆಗಂಗಿಲ್ಲ ಅನಸ್ತೈತಿ. ಆ ಕಾಗದದ ಮ್ಯಾಲ ಭರೋಸಾ ಇಡಬ್ಯಾಡ್ರಿ.’

‘ಹಂಗಾರ ಇರ್ಲಿ ಬಿಡ್ರಿ’ ಎಂದಳು. ನಾನು ಹಾಲ್ ಟಿಕೆಟ್‌ಗೆ ಮರಳಿದೆ.

ಅಜ್ಜನ ಕಣ್ಣಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆರು ತಿಂಗಳಿಂದ ಅವರನ್ನು ನೋಡಿಯೇ ಇರಲಿಲ್ಲ. ಅಷ್ಟು ನಿಖರವಾಗಿ ಸುಳ್ಳು ಹೇಳಿದ್ದು ಇವತ್ತಿಗೂ ನನಗೆ ಆಶ್ಚರ್ಯ.

ಮುಂದಿನ ಭಾನುವಾರ ಸಂಪಗಾಂವಕ್ಕೆ ಹೋದೆ. ಹೋದ ಉದ್ದೇಶ, ಅಜ್ಜನಿಗೆ ನೋವಾಗದಂತೆ ‘ಇನ್ನು ವಿಶ್ರಾಂತಿ ತಗೋರಿ’ ಎಂದು ಹೇಳುವುದು. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಅಜ್ಜ ಪಡಸಾಲೆಯಲ್ಲಿ ಕನ್ನಡಕವಿಲ್ಲದೆ ಪೇಪರು ಓದುತ್ತ ಕುಳಿತಿದ್ದರು.

‘ಬಾ ತಮ್ಮಾ, ಕುಂದರು. ಚಾ ತರಸ್ತೇನಿ’ ಎಂದರು. ಚಹಾ ಬಂತು, ಚುರಮುರಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. ‘ಈ ಎರಡ ತಿಂಗಳದಾಗ ಏಳು ಕಾಗದ ಓದಿ ಕಳಿಸೇನಿ ನೋಡು. ಒಬ್ಬರರ ಮುಟ್ಟಿತು ಅನ್ನಲಿಲ್ಲ. ನಾನೂ ಕೇಳಲಿಲ್ಲ ಬಿಡು. ಕೇಳಿದ್ರ, ನನ್ನ ಹೊಗಳ್ರಿ ಅಂತ ಕೇಳಿದಂಗ ಆಕ್ಕೈತಿ.’

ಚಹಾದ ಬಟ್ಟಲು ಕೆಳಗಿಟ್ಟೆ. ‘ಏಳೂ ಕಳಿಸೀರೇನು?’ ಎಂದು ಕೂಗಿ ಕೇಳಿದೆ. ಅವರು ಎದ್ದು ಕಂಪ್ಯೂಟರ್ ಹಚ್ಚಿ ತೋರಿಸಿದರು. ಕಳಿಸಿದ ಪತ್ರಗಳ ಸಾಲಿನಲ್ಲಿ ಏಳೂ ಇದ್ದವು. ಕಟಕೋಳದ್ದು ಐದನೆಯದು, ಅವಳು ಕಳಿಸಿದ ಮರುದಿನವೇ ಬರೆದದ್ದು. ಪಾಲುಗಾರರ ಹೆಸರು, ಹೊಲದ ಚತುಃಸೀಮೆ, ಸಾಕ್ಷಿಗಳು, ಎಲ್ಲ ಬಿಡಿಸಿ ಬರೆದು ಎರಡು ಸಾಲಿನ ಕೆಳಗೆ ಗೆರೆ ಎಳೆದಿದ್ದರು: ‘ಕಿರಿಯನ ಹೊಲಕ್ಕೆ ಹಿರಿಯನ ಹೊಲದ ಮೂಡಣ ಬದುವಿನಗುಂಟ ಹೂಡಿದ ಬಂಡಿ ಹಾಯುವಷ್ಟು ದಾರಿ ಬಿಟ್ಟಿದೆ. ಇದಕ್ಕೆ ಮುಂದಿನ ಪೀಳಿಗೆಯವರು ಅಡ್ಡಿ ಮಾಡಕೂಡದು.’

‘ಅಜ್ಜಾರ, ಇವು ಯಾರಿಗೂ ಮುಟ್ಟಿಲ್ರಿ’ ಎಂದೆ.

ಅವರ ಮುಖ ಅರಳಿದ್ದು ನನಗೆ ಕಂಡಿತು. ‘ಮುಟ್ಟಿಲ್ಲೇನು? ಹಂಗಾರ ಜನಾ ನನ್ನ ಮರತಿಲ್ಲ.’ ಮರುಕ್ಷಣವೇ ಗಾಬರಿಯಾದರು. ‘ಅಯ್ಯ, ಆ ಕಟಕೋಳದ ಹೆಣ್ಣಮಗಳ ದಾರಿ? ಲಗೂ ಫೋನ್ ಹಚ್ಚು.’

ಅಂಗಳಕ್ಕೆ ಬಂದು ಫೋನ್ ಮಾಡಿದೆ. ವಿಚಾರಣೆ ಗುರುವಾರವೇ ಮುಗಿದಿತ್ತು. ಕೈಯಲ್ಲಿ ಆಧಾರ ಇಲ್ಲವೆಂದು ಹಿರಿಯರೆಲ್ಲ ಕೂಡಿ ರಾಜಿ ಮಾಡಿಸಿದ್ದರು: ಕಾಲುನಡಿಗೆಗೆ ಮಾತ್ರ ದಾರಿ, ಬಂಡಿ ಟ್ರ್ಯಾಕ್ಟರಿಗೆ ಇಲ್ಲ, ಮುಂದೆ ಹಕ್ಕು ಕೇಳುವುದಿಲ್ಲ. ಅವಳು ಸಹಿ ಹಾಕಿದ್ದಳು. ‘ಒಂದ ದಿನಾ ನಾ ಕಟಕೋಳಕ್ಕ ಬರ್ತೇನ್ರಿ’ ಎಂದಷ್ಟೇ ಹೇಳಿ ಇಟ್ಟೆ. ಒಳಗೆ ಬಂದಾಗ ಅಜ್ಜ ‘ಸಿಕ್ಕಳೇನು?’ ಎಂದರು. ‘ಫೋನ್ ಹತ್ತಲಿಲ್ರಿ’ ಎಂದೆ.

ಮನೆಗೆ ಬಂದು ಆ ಫೋಲ್ಡರು ತೆರೆದೆ. ನೂರಾರು ಸೂಚನೆಗಳಿದ್ದವು. ಇಂಗ್ಲಿಷಿನಲ್ಲಿ ಎಲ್ಲದರದ್ದೂ ಒಂದೇ ರಾಗ: ಕಳಿಸಿದವರ ಡೊಮೇನಿನ ನೀತಿಯಂತೆ ಈ ಪತ್ರದ ಗುರುತು ಖಾತ್ರಿಯಾಗಿಲ್ಲ, ಸ್ವೀಕರಿಸುವುದಿಲ್ಲ. ಎಲ್ಲವೂ ಅಜ್ಜನ ಏಳು ಪತ್ರಗಳವೇ. ಬೇರೆ ಯಾರ ಒಂದು ಪತ್ರವೂ ಮರಳಿರಲಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಇಮೇಲಿನಲ್ಲಿ ಯಾರ ಹೆಸರನ್ನು ಹಾಕಿ ಯಾರು ಬೇಕಾದರೂ ಪತ್ರ ಕಳಿಸಬಹುದು. ಅದನ್ನು ತಡೆಯಲು ಪತ್ರ ಪಡೆಯುವ ಸರ್ವರು ಎರಡು ಸಂಗತಿ ನೋಡುತ್ತದೆ. ಪತ್ರ ಹೊರಟದ್ದು ಆ ಡೊಮೇನಿನವರು ಒಪ್ಪಿದ ಸರ್ವರಿನಿಂದಲೋ? ಇದಕ್ಕೆ ಎಸ್‌ಪಿಎಫ್ ಎನ್ನುತ್ತಾರೆ. ಹೊರಡುವಾಗ ಹಾಕಿದ ಗುಪ್ತ ಸಹಿ ಇನ್ನೂ ಸರಿಯಾಗಿದೆಯೋ? ಇದು ಡಿಕಿಮ್. ಸಹಿ ಹುಟ್ಟುವುದೇ ಪತ್ರದ ಒಳಗಿನ ಮಾತುಗಳಿಂದ. ದಾರಿಯಲ್ಲಿ ಯಾರಾದರೂ ಒಂದು ಅಕ್ಷರ ಸೇರಿಸಿದರೂ ಮುರಿಯುತ್ತದೆ. ಎರಡರಲ್ಲಿ ಒಂದು ಸರಿಯಿದ್ದರೂ ಪಾಸು. ಲಿಸ್ಟಿನ ಪತ್ರ ಹೊರಡುವುದು ನನ್ನ ಸರ್ವರಿನಿಂದ, ಆದ್ದರಿಂದ ಮೊದಲನೆಯದು ಹೇಗೂ ತಪ್ಪುತ್ತದೆ; ಉಳಿಯುವುದು ಸಹಿಯೊಂದೇ. ಎರಡೂ ತಪ್ಪಿದರೆ ಏನು ಮಾಡಬೇಕೆಂದು ಡೊಮೇನಿನವರೇ ಹೇಳಿಡುತ್ತಾರೆ, ಅದು ಡಿಮಾರ್ಕ್. ಟ್ರಸ್ಟಿನ ಹೆಸರಿನಲ್ಲಿ ಯಾರೋ ಖೊಟ್ಟಿ ಪತ್ರ ಕಳಿಸಿದರೆಂದು ಅವರು ಎರಡು ತಿಂಗಳ ಹಿಂದೆ ನೀತಿಯನ್ನು ಬಿಗಿ ಮಾಡಿ ‘ತಪ್ಪಿದರೆ ತಿರಸ್ಕರಿಸಿ’ ಎಂದು ಬರೆದಿಟ್ಟಿದ್ದರು; ಉಳಿದ ಸದಸ್ಯರ ಡೊಮೇನುಗಳಲ್ಲಿ ಆ ಬಿಗಿ ಇರಲಿಲ್ಲ.

ಇದೆಲ್ಲ ಈಗ ಸಲೀಸಾಗಿ ಹೇಳುತ್ತಿದ್ದೇನೆ. ಆಗ ಮಾಡಿದ್ದು ಬೇರೆ. ಮೊದಲು ನನ್ನ ಡೊಮೇನಿನ ದಾಖಲೆಯಲ್ಲಿ ನನ್ನ ಸರ್ವರಿನ ಹೆಸರು ಸೇರಿಸಿ ಅರ್ಧ ದಿನ ಕಳೆದೆ. ಪತ್ರ ಪಡೆಯುವ ಸರ್ವರುಗಳು ಪರೀಕ್ಷಿಸುತ್ತಿದ್ದದ್ದು ಅಜ್ಜನ ಡೊಮೇನನ್ನು, ನನ್ನದನ್ನಲ್ಲ. ನಮ್ಮ ಮನೆಗೆ ಬೀಗ ಹಾಕಿ ಪಕ್ಕದ ಮನೆ ಭದ್ರವಾಯಿತು ಅಂದುಕೊಂಡ ಹಾಗೆ. ಆಮೇಲೆ ಟ್ರಸ್ಟಿನ ಮೇಲೆ ಸಿಟ್ಟು ಬಂತು. ಅವರ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಫೋನ್ ಮಾಡಿ ಎಗರಾಡಿದೆ. ಅವನು ತಣ್ಣಗೆ ‘ನಾವು ಸಹಿ ಹಾಕೇ ಕಳಸ್ತೇವ್ರಿ. ನಡುವ ಯಾರರ ಪತ್ರದಾಗ ಕೈ ಹಾಕ್ಯಾರೇನು ನೋಡ್ರಿ’ ಎಂದ. ಪತ್ರ ಹಾದು ಬರುವುದು ನನ್ನ ಸರ್ವರನ್ನೊಂದೇ.

ಮುಂದಿನ ಶನಿವಾರ ಲ್ಯಾಪ್‌ಟಾಪ್ ಹಿಡಿದು ಮತ್ತೆ ಸಂಪಗಾಂವಕ್ಕೆ ಹೋದೆ. ನಾನೊಬ್ಬನೇ ಸದಸ್ಯನಾದ ಒಂದು ಪರೀಕ್ಷಾ ಲಿಸ್ಟ್ ಮಾಡಿಕೊಂಡಿದ್ದೆ. ಅಜ್ಜ ಕಳಿಸುವುದು, ನಾನು ನೋಡುವುದು. ‘ಏನರ ಒಂದ ಅಕ್ಷರ ಹೊಡೀರಿ ಸಾಕು’ ಎಂದರೂ ಕೇಳಲಿಲ್ಲ. ಪ್ರತಿ ಸಲ ‘ತಮಗೆ ಶರಣು ಶರಣಾರ್ಥಿಗಳು, ಇದು ಪರೀಕ್ಷಾರ್ಥ ಪತ್ರ, ತಪ್ಪಿದ್ದರೆ ಕ್ಷಮಿಸುವುದು’ ಎಂದು ಒಂದೊಂದೇ ಅಕ್ಷರ ಹುಡುಕಿ ಬರೆದರು. ನನಗೆ ನೇರವಾಗಿ ಕಳಿಸಿದ ಪತ್ರದಲ್ಲಿ ಸಹಿ ಸರಿಯಿತ್ತು. ಲಿಸ್ಟಿನ ಮೂಲಕ ಕಳಿಸಿದ್ದು ಸಹಿ ಮುರಿದು ಮರಳಿತು. ಕೆಳಗಿನ ಎರಡು ಸಾಲು ತೆಗೆದೆ; ಆಗಲೂ ಮುರಿದಿತ್ತು. ಸರ್ವರಿನ ಹೊಸ ಆವೃತ್ತಿ ಹಾಕಿದೆ, ಗಡಿಯಾರದ ಸಮಯ ಸರಿ ಮಾಡಿದೆ, ಅಕ್ಷರ ವಿನ್ಯಾಸ ಬದಲಿಸಿದೆ. ಮಧ್ಯಾಹ್ನದ ಊಟಕ್ಕೆ ಕರೆಯುವವರೆಗೂ ಉಳಿದದ್ದೆಲ್ಲವನ್ನೂ ಸಂಶಯಿಸಿದೆ, ಶ್ರೀಯನ್ನು ಬಿಟ್ಟು. ಜನ ಹೊಗಳಿದ್ದು ಅದನ್ನೇ ಅಲ್ಲವೇ. ಊಟವಾದ ಮೇಲೆ ಅದನ್ನೂ ತೆಗೆದೆ. ಪತ್ರ ಪಾಸಾಗಿ ಬಂತು.

ಇನ್ನೊಂದು ಉಪಾಯವಿತ್ತು. ಕಳಿಸಿದವರ ಜಾಗದಲ್ಲಿ ಅಜ್ಜನ ವಿಳಾಸ ತೆಗೆದು ಲಿಸ್ಟಿನ ವಿಳಾಸ ಹಾಕಿದರೆ ಪರೀಕ್ಷೆ ನನ್ನ ಡೊಮೇನಿನ ಮೇಲೆ ನಡೆದು ಶ್ರೀ ಉಳಿಯುತ್ತಿತ್ತು. ಎಷ್ಟೋ ಲಿಸ್ಟುಗಳು ಹಾಗೆಯೇ ಮಾಡುತ್ತವೆ. ಅಜ್ಜನಿಗೆ ಕೂಗಿ ವಿವರಿಸಿದೆ.

‘ಓದಿದಾಂವ ನಾನು. ತಪ್ಪಿದ್ರ ಜನಾ ನನ್ನ ಹಿಡೀಬೇಕು, ನಿನ್ನ ಲಿಸ್ಟ್ ಹಿಡದ ಏನ ಮಾಡ್ತಾರ?’ ಎಂದರು. ಸ್ವಲ್ಪ ಯೋಚಿಸಿ, ‘ಶ್ರೀ ನಾನ ಬರೀತೇನಲ್ಲಪಾ. ಕಳಸೂಕಿಂತ ಮೊದಲ ಬರದ್ರ ಸಹಿ ಮುರೀತೈತೇನು?’ ಎಂದು ಕೇಳಿದರು.

ಮುರಿಯುವುದಿಲ್ಲ. ಬರೆಯುವವರೇ ಬರೆದದ್ದು ಸಹಿಯ ಒಳಗೇ ಸೇರುತ್ತದೆ. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ. ಅವತ್ತೇ ಲಿಸ್ಟಿಗೆ ತಿಳಿಸಿದೆ: ಇನ್ನು ಶ್ರೀಕಾರ ಬೇಕಾದವರು ತಾವೇ ಹಾಕಿಕೊಳ್ಳಬೇಕು. ಅಜ್ಜ ಏಳೂ ಓದುಗಳನ್ನು ಮತ್ತೆ ಕಳಿಸಿದರು. ಸಂಜೆಯೊಳಗೆ ಆರು ಜನರಿಂದ ‘ಮುಟ್ಟಿತು’ ಎಂದು ಉತ್ತರ ಬಂತು.

ಏಳನೆಯವಳನ್ನು ಕಾಣಲು ಕಟಕೋಳಕ್ಕೆ ಹೋದೆ. ಮುರಗೋಡ ದಾಟಿ ಮುಂದೆ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂಗಡಿಯಲ್ಲಿ ಯಾರೋ ಪಿಂಚಣಿಯ ಅರ್ಜಿ ತುಂಬಿಸುತ್ತಿದ್ದರು. ಅವರು ಹೋಗುವವರೆಗೆ ಬೆಂಚಿನ ಮೇಲೆ ಕುಳಿತೆ. ಅಜ್ಜನ ಪತ್ರವನ್ನು ಅವಳು ಆಗಲೇ ಕಾಗದದ ಮೇಲೆ ಇಳಿಸಿಕೊಂಡಿದ್ದಳು. ಕೀಲಿಮಣೆಯ ಪಕ್ಕದಲ್ಲೇ ಇತ್ತು.

‘ವಕೀಲರಿಗೆ ತೋರಿಸಿದ್ನಿರಿ’ ಎಂದಳು. ‘ಖುಷೀಲೆ ಸಹಿ ಮಾಡಿದ ರಾಜಿ, ಈಗ ಮುರಿಯೂದು ಕಷ್ಟ ಅಂದ್ರು. ಇದನ್ನ ಅಜ್ಜಾರು ಎಂದ ಬರದಿದ್ರು?’

‘ನೀವು ಕಳಿಸಿದ ಮರುದಿನಾನರಿ.’

‘ನೀವು ಫೋನಿನ್ಯಾಗ ಅವರಿಗೆ ಕಣ್ಣ ಕಾಣಂಗಿಲ್ಲ ಅಂದಿದ್ರಿ.’

‘ಅಂದಿದ್ದೆ’ ಎಂದೆ. ‘ಅವರ ಕಣ್ಣ ಛಲೋ ಅದಾವ್ರಿ. ಪತ್ರ ತಡದದ್ದು ನನ್ನ ಮಶೀನು. ಅದನ್ನ ನೋಡದ ನಾ ನಿಮಗ ಹಂಗ ಹೇಳಿದೆ. ತಪ್ಪ ನಂದರಿ.’

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಹಾಳೆಯನ್ನು ಮಡಚಿ ಮೇಜಿನ ಖಾನೆಯಲ್ಲಿಟ್ಟಳು. ‘ಭರೋಸಾ ಇಡಬ್ಯಾಡ್ರಿ ಅಂದಿದ್ರಲ್ಲ, ಅದಕ್ಕ ಹಿರ್ಯಾರು ಹೇಳಿದಂಗ ಸಹಿ ಹಾಕಿದ್ನಿರಿ. ಇಲ್ಲಂದ್ರ ಇನ್ನೊಂದ ತಾರೀಖು ಕೇಳಾಕಿ ಇದ್ದೆ’ ಎಂದಳು. ಆಮೇಲೆ, ‘ಅಜ್ಜಾರಿಗೆ ಇದನ್ನ ಹೇಳಬ್ಯಾಡ್ರಿ. ಅಷ್ಟ ಕಷ್ಟಪಟ್ಟ ಓದ್ಯಾರ. ದಾರಿ ಸಿಕ್ತು ಅಂತ ತಿಳಕೊಂಡಿರ್ಲಿ’ ಎಂದಳು.

ಹೊರಗೆ ಗಿರಾಕಿ ನಿಂತಿದ್ದರು. ಎದ್ದು ಬಂದೆ. ನಾಚಿಕೆಯಾಗಿತ್ತು, ಈಗಲೂ ಆಗುತ್ತದೆ.

ಮೊನ್ನೆ ಸೋಮವಾರ ಅಜ್ಜನಿಂದ ನನ್ನೊಬ್ಬನಿಗೇ ಒಂದು ಪತ್ರ ಬಂದಿದೆ. ‘ಕಟಕೋಳದ ಹೆಣ್ಣುಮಗಳಿಂದ ಮುಟ್ಟಿದ ಬಗ್ಗೆ ಉತ್ತರವಿಲ್ಲ. ಬಂಡಿದಾರಿ ಬಿಟ್ಟುಕೊಟ್ಟರೋ ಹೇಗೆ? ತಮಗೆ ತಿಳಿದಿದ್ದರೆ ಬರೆಯುವುದು.’ ಅಭ್ಯಾಸಬಲದಿಂದ ತಾಂತ್ರಿಕ ವಿವರ ತೆರೆದು ನೋಡಿದೆ. ಸರ್ವರು ಸರಿ, ಸಹಿ ಸರಿ, ಎಲ್ಲಿಯೂ ಒಂದು ಕ್ಷಣ ತಡೆದಿಲ್ಲ. ಇವತ್ತು ಶುಕ್ರವಾರ. ನಾನಿನ್ನೂ ಉತ್ತರ ಬರೆದಿಲ್ಲ. ಅವರು ಎರಡನೆಯ ಸಲ ಕೇಳುವವರಲ್ಲ.